‘ಎಲ್ಲಿದೆ?’ ಎಂದು ಹೇಳುವ ಮುನ್ನ ‘ಯಾವ ಪರಿಸ್ಥಿತಿಯಲ್ಲಿ?’ ಎಂದು ಕೇಳೋಣ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಜೈವಿಕ ತಂತ್ರಜ್ಞಾನ ಪಾಠದಲ್ಲಿ ಆಣ್ವಿಕ ರೋಗನಿದಾನ ಎಂಬ ಪುಟ್ಟ ಭಾಗವಿದೆ. ಬಹಳ ತರಗತಿಗಳಲ್ಲಿ ಅದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗುರುತು ಹಚ್ಚಿದ ಒಂಟಿ ಎಳೆಯ ಡಿಎನ್‌ಎ ಅಥವಾ ಆರ್‌ಎನ್‌ಎ ತುಣುಕನ್ನು ಪ್ರೋಬ್ ಎನ್ನುತ್ತಾರೆ; ಅದು ತನಗೆ ಪೂರಕವಾದ ಡಿಎನ್‌ಎಗೆ ಅಂಟುತ್ತದೆ; ಜೀನ್‌ನಲ್ಲಿ ಉತ್ಪರಿವರ್ತನೆ ಆಗಿದ್ದರೆ ಪೂರಕತೆ ಇಲ್ಲದ ಕಾರಣ ಅಂಟುವುದಿಲ್ಲ, ಆದ್ದರಿಂದ ಫಿಲ್ಮಿನ ಮೇಲೆ ಕಾಣುವುದಿಲ್ಲ. ಪಠ್ಯದ ಸಾರ ಇಷ್ಟು. ಇದನ್ನು ನಾವು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಿಂತಿರುಗಿಸುತ್ತಾರೆ.

ಈ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಪ್ರೋಬ್ ಅಂಟುವುದು, ಅಂಟದಿರುವುದು ಅಕ್ಷರಗಳ ಹೊಂದಾಣಿಕೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ದ್ರಾವಣದ ಉಷ್ಣತೆ, ಅದರಲ್ಲಿರುವ ಉಪ್ಪು, ಪ್ರೋಬಿನ ಉದ್ದ, ತೊಳೆಯುವ ಕ್ರಮ, ಸ್ಲೈಡಿನ ಮೇಲೆ ವರ್ಣತಂತು ಇರುವ ಸ್ಥಿತಿ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಒಂದೇ ಪ್ರೋಬ್, ಒಂದೇ ಬಗೆಯ ಕೋಶ. ತೊಳೆಯುವ ನೀರು ಬದಲಾದರೆ ‘ಈ ಡಿಎನ್‌ಎ ಎಲ್ಲಿದೆ’ ಎಂಬ ಪ್ರಶ್ನೆಗೆ ಸಿಗುವ ಉತ್ತರವೂ ಬದಲಾಗಬಹುದು. ವಿಜ್ಞಾನದ ಪ್ರಾಯೋಗಿಕ ಫಲಿತಾಂಶವನ್ನು ಅದು ದೊರೆತ ಪರಿಸ್ಥಿತಿಯಿಂದ ಬಿಡಿಸಿ ಕಲಿಸುವುದನ್ನು ನಾವು, ಅಂದರೆ ಪ್ರಶಿಕ್ಷಣಾರ್ಥಿಗಳು, ಬೋಧನಾಭ್ಯಾಸದ ಹಂತದಲ್ಲೇ ನಿಲ್ಲಿಸಬೇಕು. ನಮ್ಮ ಪಾಠ ಯೋಜನೆಯ ನಮೂನೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇದು ಈ ಲೇಖನದ ವಾದ. ಅದನ್ನು ವರ್ಣತಂತುವಿನ ಮೇಲೆ ಡಿಎನ್‌ಎ ಅನುಕ್ರಮವನ್ನು ಗುರುತಿಸುವ ವಿಧಾನದ ಮೂಲಕವೇ ಹೇಳುತ್ತೇನೆ.

ಅಂಟುವುದೆಂದರೆ ಏನು?

ಡಿಎನ್‌ಎಯ ಎರಡು ಎಳೆಗಳನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು ಮತ್ತು ಒಂದರ ಮೇಲೊಂದು ಕುಳಿತ ಬೇಸ್‌ಗಳ ನಡುವಿನ ಆಕರ್ಷಣೆ ಎಂದು ಹೇಳಿಕೊಡುತ್ತೇವೆ. ಅವೆರಡನ್ನು ದೂರ ತಳ್ಳುವ ಶಕ್ತಿಯೂ ಅಲ್ಲೇ ಇದೆ ಎಂಬುದನ್ನು ಹೇಳುವುದು ಕಡಿಮೆ. ಎರಡೂ ಎಳೆಗಳ ಬೆನ್ನೆಲುಬಿನಲ್ಲಿರುವ ಫಾಸ್ಫೇಟ್‌ಗಳಿಗೆ ಋಣ ವಿದ್ಯುದಂಶವಿದೆ. ಉಪ್ಪಿನ ಸೋಡಿಯಂ ಅಯಾನುಗಳು ಈ ವಿಕರ್ಷಣೆಗೆ ತೆರೆ ಹಾಕುತ್ತವೆ. ಉಪ್ಪು ಹೆಚ್ಚಿದ್ದರೆ ಅಷ್ಟಾಗಿ ಹೊಂದದ ಎಳೆಗಳೂ ಅಂಟಿಕೊಂಡಿರುತ್ತವೆ. ಉಪ್ಪು ಕಡಿಮೆಯಾದರೆ ಚೆನ್ನಾಗಿ ಹೊಂದಿದವು ಮಾತ್ರ ಉಳಿಯುತ್ತವೆ. ಉಷ್ಣತೆಯದು ಇದಕ್ಕೆ ವಿರುದ್ಧ ದಿಕ್ಕು: ಹೆಚ್ಚಿದಷ್ಟೂ ಸಡಿಲ ಜೋಡಿಗಳು ಮೊದಲು ಕಳಚುತ್ತವೆ. ಫಾರ್ಮಮೈಡ್ ಎಂಬ ದ್ರವ ಹೈಡ್ರೋಜನ್ ಬಂಧಗಳನ್ನು ದುರ್ಬಲಗೊಳಿಸುತ್ತದೆ. ದ್ರಾವಣದಲ್ಲಿ ಅದು ಶೇ. 1ರಷ್ಟು ಹೆಚ್ಚಿದರೆ ಎಳೆಗಳು ಬೇರ್ಪಡುವ ಉಷ್ಣತೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಈ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಶೇ. 50 ಫಾರ್ಮಮೈಡ್ ಹಾಕಿದರೆ ಬೇರ್ಪಡುವ ಉಷ್ಣತೆ ಸುಮಾರು 30 ಡಿಗ್ರಿ ಕೆಳಗೆ ಬರುತ್ತದೆ. ಅದಕ್ಕೇ ಪ್ರಯೋಗಾಲಯಗಳಲ್ಲಿ ಪ್ರೋಬ್ ಹಾಕಿದ ಸ್ಲೈಡನ್ನು ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟರೆ ಸಾಕಾಗುತ್ತದೆ. ಇಲ್ಲದಿದ್ದರೆ 65 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡಬೇಕಾಗುತ್ತಿತ್ತು, ಅಷ್ಟರಲ್ಲಿ ವರ್ಣತಂತುಗಳ ಆಕಾರವೇ ಕೆಡುತ್ತಿತ್ತು. ಉದ್ದದ ಪ್ರೋಬ್‌ಗಳ ವಿಷಯದಲ್ಲಿ ಇನ್ನೊಂದು ಅಂದಾಜು ಸೂತ್ರವಿದೆ: ನೂರು ಬೇಸ್ ಜೋಡಿಗಳಲ್ಲಿ ಒಂದು ಹೊಂದದಿದ್ದರೆ ಬೇರ್ಪಡುವ ಉಷ್ಣತೆ ಸುಮಾರು 1 ಡಿಗ್ರಿ ಕಡಿಮೆಯಾಗುತ್ತದೆ. ಉಷ್ಣತೆ ಏರಿಸಿ ಉಪ್ಪು ಇಳಿಸಿದರೆ ಅದು ಬಿಗಿ ಪರಿಸ್ಥಿತಿ. ತಣ್ಣಗೆ, ಉಪ್ಪು ಹೆಚ್ಚಾಗಿ ಇಟ್ಟರೆ ಸಡಿಲ ಪರಿಸ್ಥಿತಿ. ಜರಡಿಯ ಕಣ್ಣು ಸಣ್ಣದೋ ದೊಡ್ಡದೋ ಎಂಬುದರ ಮೇಲೆ ಕೆಳಗೆ ಬೀಳುವುದು ಹಿಟ್ಟೋ, ಹಿಟ್ಟಿನ ಜೊತೆ ತೌಡೋ ಎಂದು ನಿರ್ಧಾರವಾಗುವ ಹಾಗೆ.

ಈಗ ಪಠ್ಯದ ವಾಕ್ಯಕ್ಕೆ ಹಿಂತಿರುಗೋಣ. ಸಿಕಲ್ ಸೆಲ್ ಅನೀಮಿಯಾದಲ್ಲಿ ಬೀಟಾ ಗ್ಲೋಬಿನ್ ಜೀನ್‌ನ ಒಂದೇ ಒಂದು ಬೇಸ್ ಬದಲಾಗಿದೆ. ಸಾವಿರ ಬೇಸ್ ಉದ್ದದ ಪ್ರೋಬ್ ತೆಗೆದುಕೊಂಡರೆ ಈ ವ್ಯತ್ಯಾಸ ಶೇ. 0.1 ಮಾತ್ರ. ಎಷ್ಟೇ ಬಿಗಿಯಾಗಿ ತೊಳೆದರೂ ಆ ಪ್ರೋಬ್ ಸರಿಯಾದ ಜೀನ್‌ಗೂ ಅಂಟುತ್ತದೆ, ಬದಲಾದ ಜೀನ್‌ಗೂ ಅಂಟುತ್ತದೆ. 1983ರಲ್ಲಿ ಈ ಎರಡನ್ನು ಪ್ರೋಬ್ ಮೂಲಕ ಬೇರ್ಪಡಿಸಿದವರು ಬಳಸಿದ್ದು 19 ಬೇಸ್‌ಗಳ ಪುಟ್ಟ ಪ್ರೋಬ್‌ಗಳನ್ನು. 19ರಲ್ಲಿ ಒಂದು ತಪ್ಪಿದರೆ ಶೇ. 5ಕ್ಕಿಂತ ಹೆಚ್ಚು, ಹಾಗಿದ್ದಾಗ ಸರಿಯಾದ ಉಷ್ಣತೆಯಲ್ಲಿ ತೊಳೆದರೆ ಹೊಂದದ ಜೋಡಿ ಕಳಚಿ ಹೋಗುತ್ತದೆ. ಅಂದರೆ ‘ಉತ್ಪರಿವರ್ತನೆ ಆಗಿದ್ದರೆ ಪ್ರೋಬ್ ಅಂಟುವುದಿಲ್ಲ’ ಎಂಬ ಮಾತು ಒಂದೇ ಬೇಸ್ ಬದಲಾದ ಜೀನ್‌ಗೆ ಅನ್ವಯಿಸುವುದು ಪ್ರೋಬ್ ಪುಟ್ಟದಾಗಿದ್ದು, ತೊಳೆತ ಬಿಗಿಯಾಗಿದ್ದಾಗ ಮಾತ್ರ. ಜೀನ್ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಜೀನ್ ಹೇಗಿದೆ ಎಂಬುದು ಇನ್ನೊಂದು. ಎರಡಕ್ಕೂ ಪ್ರೋಬ್‌ನಿಂದಲೇ ಉತ್ತರ ಸಿಗಬಹುದು, ಆದರೆ ಪರಿಸ್ಥಿತಿ ಬೇರೆ ಬೇರೆ. ನಾವು ಎರಡನ್ನೂ ಒಂದೇ ಚಿತ್ರದಲ್ಲಿ ಕಲಸಿ ಕೊಡುತ್ತಿದ್ದೇವೆ.

ಒಂದೇ ಪ್ರೋಬ್, ಎರಡು ಉತ್ತರ

ವರ್ಣತಂತುವಿನ ಮೇಲೆಯೇ ಪ್ರೋಬ್ ಹಾಕಿ ಡಿಎನ್‌ಎ ಅನುಕ್ರಮದ ಜಾಗ ಹುಡುಕುವುದಕ್ಕೆ ಇನ್ ಸಿಟು ಹೈಬ್ರಿಡೈಸೇಷನ್ ಎಂದು ಹೆಸರು. 1969ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಸೆಫ್ ಗಾಲ್ ಮತ್ತು ಮೇರಿ ಲೂ ಪಾರ್ಡ್ಯೂ ಇದನ್ನು ಪ್ರಕಟಿಸಿದರು. ಅದೇ ವರ್ಷ ಬ್ರಿಟನ್ನಿನಲ್ಲಿ ಜಾನ್, ಬರ್ನ್‌ಸ್ಟೀಲ್ ಮತ್ತು ಜೋನ್ಸ್ ಸ್ವತಂತ್ರವಾಗಿ ಮಾಡಿ ತೋರಿಸಿದರು. ಗಾಲ್ ಮತ್ತು ಪಾರ್ಡ್ಯೂ ಆರಿಸಿಕೊಂಡದ್ದು ಝೆನೋಪಸ್ ಎಂಬ ಆಫ್ರಿಕದ ಕಪ್ಪೆಯ ಅಂಡಕೋಶವನ್ನು. ಅದರಲ್ಲಿ ರೈಬೋಸೋಮಿನ ಆರ್‌ಎನ್‌ಎ ಜೀನ್‌ಗಳು ಅಪಾರ ಪ್ರತಿಗಳಾಗಿ ಹೆಚ್ಚಿರುತ್ತವೆ. ಗುರಿ ಅಷ್ಟು ದೊಡ್ಡದಾಗಿದ್ದರಿಂದ ಟ್ರಿಟಿಯಂ ಹಚ್ಚಿದ ಪ್ರೋಬಿನ ಗುರುತು ಎದ್ದು ಕಂಡಿತು. ಕೋಶಕ್ಕೆ ಒಂದೆರಡೇ ಪ್ರತಿ ಇರುವ ಜೀನ್ ಆಗಿದ್ದರೆ ಆಗಿನ ವಿಧಾನದಲ್ಲಿ ಕಾಣುತ್ತಿರಲಿಲ್ಲ. ಕಾಣಲಿಲ್ಲ ಎಂದರೆ ಅಲ್ಲಿ ಇಲ್ಲ ಎಂದಲ್ಲ ಎಂಬ ಪಾಠ ಮೊದಲ ಪ್ರಯೋಗದಲ್ಲೇ ಇತ್ತು.

ಅದರ ಎದುರು ಬದಿಯ ಪಾಠ ಮನುಷ್ಯನ ಸೆಂಟ್ರೋಮಿಯರ್‌ಗಳಲ್ಲಿದೆ: ಕಂಡಿತು ಎಂದರೆ ನಾವು ಹುಡುಕುತ್ತಿರುವುದೇ ಅಲ್ಲಿದೆ ಎಂದೂ ಅಲ್ಲ. ನಮ್ಮ ಎಲ್ಲ ವರ್ಣತಂತುಗಳ ಸೆಂಟ್ರೋಮಿಯರ್‌ನಲ್ಲಿ ಆಲ್ಫಾ ಸ್ಯಾಟಲೈಟ್ ಎಂಬ ಡಿಎನ್‌ಎ ಇದೆ. ಸುಮಾರು 171 ಬೇಸ್ ಜೋಡಿಗಳ ಒಂದು ಘಟಕ ಮತ್ತೆ ಮತ್ತೆ ಬರುತ್ತದೆ. ಅಕ್ಕಪಕ್ಕದ ಘಟಕಗಳು ಒಂದಕ್ಕೊಂದು ಶೇ. 20ರಿಂದ 40ರವರೆಗೆ ಬೇರೆಯಾಗಿರಬಹುದು. ಆದರೆ ಹಲವು ಘಟಕಗಳು ಸೇರಿ ಒಂದು ದೊಡ್ಡ ಗುಂಪಾಗಿ, ಆ ಗುಂಪು ಒಂದು ವರ್ಣತಂತುವಿನಲ್ಲಿ ಹೆಚ್ಚು ಕಡಿಮೆ ಅಚ್ಚೊತ್ತಿದಂತೆ ನೂರಾರು ಸಲ ಪುನರಾವರ್ತನೆಯಾಗುತ್ತದೆ. ಎಕ್ಸ್ ವರ್ಣತಂತುವಿನಲ್ಲಿ 12 ಘಟಕಗಳ, ಸುಮಾರು 2,000 ಬೇಸ್ ಜೋಡಿಗಳ ಗುಂಪು ಹೀಗಿದೆ.

ಎಕ್ಸ್ ವರ್ಣತಂತುವಿನಿಂದ ತೆಗೆದ ಈ ಪ್ರೋಬನ್ನು ಸ್ಲೈಡಿನ ಮೇಲೆ ಹಾಕಿ ಬಿಗಿಯಾಗಿ ತೊಳೆಯಿರಿ: ಎಕ್ಸ್ ಮಾತ್ರ ಹೊಳೆಯುತ್ತದೆ. ಅದೇ ಪ್ರೋಬನ್ನು ಸಡಿಲ ಪರಿಸ್ಥಿತಿಯಲ್ಲಿ ಇಡಿ: ಬೇರೆ ವರ್ಣತಂತುಗಳ ಸೆಂಟ್ರೋಮಿಯರ್‌ಗಳೂ ಹೊಳೆಯತೊಡಗುತ್ತವೆ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ತನ್ನದೇ ಜಾಗದಲ್ಲಿ ಪ್ರೋಬ್ ಹೆಚ್ಚು ಕಡಿಮೆ ಪೂರ್ತಿ ಹೊಂದುತ್ತದೆ. ಬೇರೆ ವರ್ಣತಂತುವಿನಲ್ಲಿ ಶೇ. 20–30 ಹೊಂದುವುದಿಲ್ಲ. ಅಂದರೆ ಬೇರ್ಪಡುವ ಉಷ್ಣತೆಯಲ್ಲಿ 20–30 ಡಿಗ್ರಿಗಳ ಅಂತರ. ಆ ಅಂತರದಲ್ಲಿ ಎಲ್ಲಿ ನಿಲ್ಲುತ್ತೇವೆ ಎಂಬುದರ ಮೇಲೆ ‘ಇದು ಎಕ್ಸ್‌ನಲ್ಲಿದೆ’ ಅಥವಾ ‘ಇದು ಎಲ್ಲ ಕಡೆ ಇದೆ’ ಎಂಬ ಉತ್ತರ ಬರುತ್ತದೆ. ಎರಡೂ ಉತ್ತರ ನಿಜ! ಒಂದು ಈ ನಿರ್ದಿಷ್ಟ ಗುಂಪಿನ ಬಗ್ಗೆ, ಇನ್ನೊಂದು ಅದರ ಇಡೀ ಕುಟುಂಬದ ಬಗ್ಗೆ. ಪರಿಸ್ಥಿತಿ ಹೇಳದೆ ಉತ್ತರ ಮಾತ್ರ ಹೇಳಿದರೆ ಯಾವುದರ ಬಗ್ಗೆ ಮಾತನಾಡುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ.

ಜರಡಿ ಕೈಕೊಡುವ ಜಾಗವೂ ಒಂದಿದೆ. 13 ಮತ್ತು 21ನೇ ವರ್ಣತಂತುಗಳ ಆಲ್ಫಾ ಸ್ಯಾಟಲೈಟ್ ಬಹುತೇಕ ಒಂದೇ ಆಗಿದೆ. 14 ಮತ್ತು 22ರದ್ದೂ ಹಾಗೆಯೇ. ಇಲ್ಲಿ ಎಷ್ಟು ಬಿಗಿಯಾಗಿ ತೊಳೆದರೂ ಪ್ರಯೋಜನವಿಲ್ಲ. ಇದು ಪುಸ್ತಕದ ಕುತೂಹಲ ಮಾತ್ರವಲ್ಲ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು ಮೂರಿರುತ್ತದೆ. ಕೋಶಗಳಲ್ಲಿ ಅದನ್ನು ಎಣಿಸಲು ಸೆಂಟ್ರೋಮಿಯರ್ ಪ್ರೋಬ್ ಬಳಸಿದರೆ 13ನೆಯದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಪ್ರಯೋಗಾಲಯಗಳು 18ನೇ ವರ್ಣತಂತುವಿಗೆ ಸೆಂಟ್ರೋಮಿಯರ್ ಪ್ರೋಬ್ ಬಳಸಿದರೂ 21ಕ್ಕೆ ಅದರ ಉದ್ದ ತೋಳಿನಲ್ಲಿರುವ ಬೇರೊಂದು ಅನುಕ್ರಮವನ್ನು ಆರಿಸಿಕೊಳ್ಳುತ್ತವೆ. ಒಂದು ಕುಟುಂಬದ ಕೈಗೆ ಬರುವ ವರದಿಯ ಹಿಂದೆ ಇಂಥ ಆಯ್ಕೆ ಇರುತ್ತದೆ. ನಾಳೆ ಅಂಥ ವರದಿ ಹಿಡಿದು ನಿಲ್ಲುವವರಲ್ಲಿ ನಮ್ಮ ವಿದ್ಯಾರ್ಥಿಗಳೂ ಇರುತ್ತಾರೆ. ‘ಯಾವ ಪ್ರೋಬ್, ಎಷ್ಟು ಕೋಶ ನೋಡಿದ್ದೀರಿ?’ ಎಂದು ಕೇಳುವ ಅಭ್ಯಾಸ ಅವರಿಗೆ ತರಗತಿಯಲ್ಲಿ ಬರದಿದ್ದರೆ ಇನ್ನೆಲ್ಲಿ ಬರಬೇಕು?

ಸ್ಲೈಡೂ ಒಂದು ಪರಿಸ್ಥಿತಿಯೇ

ಉಷ್ಣತೆ ಮತ್ತು ಉಪ್ಪಿನಷ್ಟೇ ಮುಖ್ಯವಾದ ಇನ್ನೂ ಮೂರು ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ.

ಮೊದಲನೆಯದು, ವರ್ಣತಂತುವಿನ ಡಿಎನ್‌ಎಯನ್ನು ಬಿಡಿಸುವ ಹಂತ. ಅದು ಎರಡೆಳೆಯಾಗಿದ್ದರೆ ಪ್ರೋಬಿಗೆ ಕೂರಲು ಜಾಗವಿಲ್ಲ. ಶೇ. 70 ಫಾರ್ಮಮೈಡ್‌ನಲ್ಲಿ 70 ಡಿಗ್ರಿಗಿಂತ ತುಸು ಮೇಲೆ ಕೆಲವೇ ನಿಮಿಷ ಇಡುವುದು ರೂಢಿ. ಸಮಯ ಕಡಿಮೆಯಾದರೆ ಎಳೆಗಳು ಬಿಡಿಸಿಕೊಳ್ಳುವುದಿಲ್ಲ, ಗುರುತು ಮಂಕಾಗುತ್ತದೆ. ಹೆಚ್ಚಾದರೆ ವರ್ಣತಂತು ಉಬ್ಬಿ ಆಕಾರ ಕಳೆದುಕೊಳ್ಳುತ್ತದೆ. ಗುರುತು ಕಂಡರೂ ಅದು ಯಾವ ವರ್ಣತಂತು ಎಂದು ಹೇಳಲಾಗುವುದಿಲ್ಲ. ಕೋಶಗಳನ್ನು ಸ್ಲೈಡಿನ ಮೇಲೆ ತೊಟ್ಟಿಕ್ಕಿಸಿದಾಗ ವರ್ಣತಂತುಗಳು ಎಷ್ಟು ಹರಡಿಕೊಳ್ಳುತ್ತವೆ ಎಂಬುದು ಆ ದಿನದ ಗಾಳಿಯ ತೇವಾಂಶವನ್ನೂ ಅವಲಂಬಿಸಿದೆ. ಮಂಗಳೂರಿನ ಮಳೆಗಾಲದಲ್ಲೂ ಕಲಬುರಗಿಯ ಬೇಸಿಗೆಯಲ್ಲೂ ಸ್ಲೈಡು ಒಂದೇ ರೀತಿ ಒಣಗುವುದಿಲ್ಲ.

ಎರಡನೆಯದು, ಪುನರಾವರ್ತಿತ ಅನುಕ್ರಮಗಳ ಕಾಟ. ಆಲು ಎಂಬ ಪುಟ್ಟ ಅನುಕ್ರಮವೊಂದೇ ನಮ್ಮ ಜೀನೋಮಿನ ಸುಮಾರು ಶೇ. 10ರಷ್ಟಿದೆ. ಉದ್ದದ ಪ್ರೋಬಿನೊಳಗೆ ಇಂಥ ತುಣುಕುಗಳು ಸೇರಿಕೊಂಡಿದ್ದರೆ ಎಲ್ಲ ವರ್ಣತಂತುಗಳೂ ಉದ್ದಕ್ಕೂ ಹೊಳೆಯುತ್ತವೆ. ಇದನ್ನು ತಡೆಯಲು ಗುರುತು ಹಚ್ಚದ, ಪುನರಾವರ್ತಿತ ಡಿಎನ್‌ಎಯನ್ನು ಮೊದಲೇ ಬೆರೆಸಿ ಆ ತುಣುಕುಗಳ ಬಾಯಿ ಕಟ್ಟುತ್ತಾರೆ. 1980ರ ದಶಕದ ಕೊನೆಯಲ್ಲಿ ಈ ಉಪಾಯ ಬಳಕೆಗೆ ಬಂದ ಮೇಲೆಯೇ ಇಡೀ ಒಂದು ವರ್ಣತಂತುವಿಗೆ ಮಾತ್ರ ಬಣ್ಣ ಹಚ್ಚಿದ ಚಿತ್ರಗಳು ಸಾಧ್ಯವಾದದ್ದು. ನಾವು ಪ್ರೊಜೆಕ್ಟರ್‌ನಲ್ಲಿ ಹೆಮ್ಮೆಯಿಂದ ತೋರಿಸುವ ಆ ಬಣ್ಣದ ಚಿತ್ರಗಳಲ್ಲಿ ಈ ಅಡಗಿದ ಹಂತ ಕಾಣುವುದಿಲ್ಲ.

ಮೂರನೆಯದು, ವರ್ಣತಂತು ಎಷ್ಟು ಒತ್ತೊತ್ತಾಗಿ ಸುತ್ತಿಕೊಂಡಿದೆ ಎಂಬುದು. ಮೆಟಾಫೇಸ್ ಹಂತದಲ್ಲಿ ಎರಡು ಅನುಕ್ರಮಗಳ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಬೇಸ್ ಜೋಡಿಗಳ ಅಂತರವಿಲ್ಲದಿದ್ದರೆ ಎರಡು ಚುಕ್ಕೆ ಒಂದಾಗಿಯೇ ಕಾಣುತ್ತವೆ. ವಿಭಜನೆಯಾಗದ ಕೋಶದ ಕೋಶಕೇಂದ್ರದಲ್ಲಿ ಒಂದು ಲಕ್ಷದ ಆಸುಪಾಸಿನ ಅಂತರವೂ ಗೊತ್ತಾಗುತ್ತದೆ. ಡಿಎನ್‌ಎ ಎಳೆಯನ್ನೇ ಸ್ಲೈಡಿನ ಮೇಲೆ ಎಳೆದು ಹಾಸಿದರೆ ಕೆಲವೇ ಸಾವಿರ ಬೇಸ್ ಜೋಡಿಗಳ ಅಂತರವನ್ನೂ ಗುರುತಿಸಬಹುದು. ‘ಈ ಎರಡು ಜೀನ್‌ಗಳು ಒಂದೇ ಜಾಗದಲ್ಲಿವೆ’ ಎಂದಾಗ ಯಾವ ಅಳತೆಗೋಲಿನಲ್ಲಿ ಎಂದು ಕೇಳಲೇಬೇಕು.

ಚುಕ್ಕೆಯೇ ಉತ್ತರವಲ್ಲ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1981ರಲ್ಲಿ ಇನ್ಸುಲಿನ್ ಜೀನ್ 11ನೇ ವರ್ಣತಂತುವಿನ ಗಿಡ್ಡ ತೋಳಿನ ತುದಿಯ ಕಡೆ ಇದೆ ಎಂದು ವಿಕಿರಣಶೀಲ ಪ್ರೋಬ್ ಬಳಸಿ ತೋರಿಸಿದರು. ಆಗ ಒಂದು ಕೋಶದಲ್ಲಿ ಕಾಣುತ್ತಿದ್ದದ್ದು ಅಲ್ಲಲ್ಲಿ ಚೆದುರಿದ ಬೆಳ್ಳಿಯ ಕಣಗಳು. ಹಲವು ಕೋಶಗಳ ಕಣಗಳನ್ನು ಎಣಿಸಿ, ಎಲ್ಲಿ ಅವು ಆಕಸ್ಮಿಕಕ್ಕಿಂತ ಹೆಚ್ಚಾಗಿ ಗುಂಪುಗೂಡಿವೆ ಎಂದು ನೋಡಿ ಜಾಗ ಹೇಳಬೇಕಿತ್ತು. ನಮ್ಮ ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ‘ಇನ್ಸುಲಿನ್ ಜೀನ್ 11ನೇ ವರ್ಣತಂತುವಿನಲ್ಲಿದೆ’ ಎಂಬ ಮಾತು ಮೂಲದಲ್ಲಿ ಒಂದು ಎಣಿಕೆಯ ತೀರ್ಮಾನ.

‘ಪಿಯು ಮಕ್ಕಳಿಗೆ ಇಷ್ಟೆಲ್ಲ ಯಾಕೆ?’

ಈ ಆಕ್ಷೇಪವನ್ನು ನಾನು ಬೋಧನಾಭ್ಯಾಸದಲ್ಲಿ ಸಹಪಾಠಿಗಳಿಂದಲೂ ಹಿರಿಯರಿಂದಲೂ ಕೇಳಿದ್ದೇನೆ. ಪಠ್ಯ ಮುಗಿಯಬೇಕು, ಪರೀಕ್ಷೆಯಲ್ಲಿ ಫಾರ್ಮಮೈಡ್ ಕೇಳುವುದಿಲ್ಲ, ಮಕ್ಕಳಿಗೆ ಗೊಂದಲವಾಗುತ್ತದೆ. ಮೊದಲ ಎರಡು ಮಾತು ನಿಜ. ಫಾರ್ಮಮೈಡ್‌ನ ಪ್ರಮಾಣವನ್ನು ಬಾಯಿಪಾಠ ಮಾಡಿಸಿ ಎಂದು ನಾನೂ ಹೇಳುವುದಿಲ್ಲ. ಹಾಗೆ ಮಾಡಿದರೆ ಒಂದು ಉರು ಹೊಡೆಯುವ ವಿಷಯಕ್ಕೆ ಇನ್ನೊಂದು ಸೇರುತ್ತದೆ ಅಷ್ಟೇ. ಮೂರನೆಯದನ್ನು ಮಾತ್ರ ಒಪ್ಪಲಾರೆ. ಗೊಂದಲ ಮಕ್ಕಳಲ್ಲಿ ಆಗಲೇ ಇರುತ್ತದೆ, ನಾವು ಅದಕ್ಕೆ ಜಾಗ ಕೊಡುವುದಿಲ್ಲ. ನನ್ನ ಪಾಠದ ನಡುವೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು, ‘ಸ್ವಲ್ಪ ಹೊಂದಿದ್ರೂ ಅಂಟಲ್ವಾ ಸಾರ್? ಅಂಟಿದ್ದೆಲ್ಲ ಅದೇ ಜೀನು ಅಂತ ಹೇಗೆ ಹೇಳ್ತೀರಿ?’ ಎಂದು ಕೇಳಿದಳು. ಇನ್ ಸಿಟು ಹೈಬ್ರಿಡೈಸೇಷನ್‌ನ ಇಡೀ ತಂತ್ರ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಆ ಪ್ರಶ್ನೆಗೆಂದೇ ಮುಂದಿನ ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಿದೆ. ಬೇಕಾದದ್ದು ಡ್ರಾಯಿಂಗ್ ಹಾಳೆ, ಕತ್ತರಿ, ಸ್ಕೆಚ್ ಪೆನ್. ಐದು ಪಟ್ಟಿಗಳು ಐದು ವರ್ಣತಂತುಗಳು. ಪ್ರತಿಯೊಂದರಲ್ಲೂ ಹತ್ತು ಬೇಸ್‌ಗಳ ಸಾಲು. ಪ್ರೋಬ್ ಹತ್ತು ಬೇಸ್‌ಗಳ ಒಂದು ಚೂರು. ಮೊದಲ ಎರಡು ಪಟ್ಟಿಗಳಿಗೆ ಅದು ಹತ್ತಕ್ಕೆ ಹತ್ತು ಹೊಂದುತ್ತದೆ, ಮೂರನೆಯದಕ್ಕೆ ಎಂಟು, ನಾಲ್ಕನೆಯದಕ್ಕೆ ಏಳು, ಐದನೆಯದಕ್ಕೆ ನಾಲ್ಕು. ತರಗತಿಯನ್ನು ಮೂರು ಗುಂಪು ಮಾಡಿ, ಎಲ್ಲರಿಗೂ ಒಂದೇ ಪಟ್ಟಿಗಳನ್ನೂ ಒಂದೇ ಪ್ರೋಬನ್ನೂ ಕೊಟ್ಟೆ. ‘ತೊಳೆಯುವ ನಿಯಮ’ದ ಚೀಟಿ ಮಾತ್ರ ಬೇರೆ. ಮೊದಲ ಗುಂಪಿಗೆ: ಏಳು ಅಥವಾ ಹೆಚ್ಚು ಹೊಂದಿದ್ದರೆ ಉಳಿಯುತ್ತದೆ. ಎರಡನೆಯದಕ್ಕೆ: ಒಂಬತ್ತು ಅಥವಾ ಹೆಚ್ಚು. ಮೂರನೆಯದಕ್ಕೆ: ಹತ್ತು ಹೊಂದಿದರೂ ಸಾಲದು, ಎಲ್ಲ ಕಳಚುತ್ತದೆ, ಅಂದರೆ ಉಷ್ಣತೆ ವಿಪರೀತ. ಒಂದು ಗುಂಪಿನ ಚೀಟಿ ಇನ್ನೊಂದಕ್ಕೆ ಗೊತ್ತಿಲ್ಲ.

ಫಲಿತಾಂಶ ಹಲಗೆಗೆ ಬಂತು: ನಾಲ್ಕು ವರ್ಣತಂತು, ಎರಡು, ಸೊನ್ನೆ. ಮೊದಲು ಒಬ್ಬರನ್ನೊಬ್ಬರು ತಪ್ಪು ಎಂದರು. ಎಣಿಕೆ ಮತ್ತೆ ಮಾಡಿದರು. ಆಮೇಲೆ ಒಬ್ಬ ಹುಡುಗ ‘ನಿಮ್ಮ ಚೀಟಿ ತೋರಿಸ್ರೋ’ ಎಂದ. ಆ ಪಾಠದ ಕಲಿಕಾ ಫಲ ಆ ಮಾತೇ. ಬಳಿಕ ‘ಮೊದಲ ಎರಡು ಪಟ್ಟಿಗಳನ್ನು ಬೇರ್ಪಡಿಸುವುದು ಹೇಗೆ?’ ಎಂದು ಕೇಳಿದೆ. ನಿಯಮ ಬಿಗಿ ಮಾಡಿ ಉಪಯೋಗವಿಲ್ಲ, ಪಟ್ಟಿಯ ಬೇರೆ ಜಾಗದಿಂದ ಬೇರೆ ಪ್ರೋಬ್ ಮಾಡಬೇಕು ಎಂಬಲ್ಲಿಗೆ ಅವರೇ ಬಂದರು. 13 ಮತ್ತು 21ರ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ಇಡೀ ಚಟುವಟಿಕೆ ಒಂದು ಪೀರಿಯಡ್‌ನಲ್ಲಿ ಮುಗಿಯಿತು.

ಪಾಠ ಯೋಜನೆಯಲ್ಲಿ ಒಂದು ಸಾಲು

ಜ್ಞಾನ ರಚನಾವಾದದ ಬಗ್ಗೆ ನಾವು ಹತ್ತು ಅಂಕಕ್ಕೆ ಸೊಗಸಾಗಿ ಬರೆಯುತ್ತೇವೆ. ಆದರೆ ಬೋಧನಾಭ್ಯಾಸದಲ್ಲಿ ತುಂಬುವ ಪಾಠ ಯೋಜನೆಯ ಅಂಕಣಗಳನ್ನು ನೋಡಿ: ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ. ಬೋಧನಾಂಶದಲ್ಲಿ ನಾವು ಬರೆಯುವುದೆಲ್ಲ ತೀರ್ಮಾನಗಳು. ಪ್ರಾಯೋಗಿಕ ದಾಖಲೆ ಪುಸ್ತಕದಲ್ಲೂ ‘ವಿಧಾನ’ ಒಂದು ಕಡೆ, ‘ಫಲಿತಾಂಶ’ ಇನ್ನೊಂದು ಕಡೆ. ಎರಡರ ನಡುವಿನ ಸಂಬಂಧ ಕೇಳುವ ಸಾಲು ಇಲ್ಲ. ನಮೂನೆ ಕೇಳದ್ದನ್ನು ಪ್ರಶಿಕ್ಷಣಾರ್ಥಿ ಬರೆಯುವುದಿಲ್ಲ, ಬರೆಯದ್ದನ್ನು ಕಲಿಸುವುದೂ ಇಲ್ಲ.

ಆದ್ದರಿಂದ ನನ್ನ ಸಲಹೆ ಸಣ್ಣದು. ಬೋಧನಾಂಶವು ಪ್ರಯೋಗದಿಂದ ಬಂದದ್ದಾಗಿದ್ದರೆ ಅದರ ಕೆಳಗೆ ‘ಯಾವ ಪರಿಸ್ಥಿತಿಯಲ್ಲಿ?’ ಎಂಬ ಒಂದು ಸಾಲು ಇರಲಿ. ಪಾಠ ವೀಕ್ಷಿಸುವ ಅಧ್ಯಾಪಕರು ಹಿಮ್ಮಾಹಿತಿ ಕೊಡುವಾಗ ಧ್ವನಿ, ಹಲಗೆ ಬಳಕೆ, ಪ್ರಶ್ನಿಸುವ ಕೌಶಲಗಳ ಜೊತೆಗೆ ಈ ಸಾಲನ್ನೂ ನೋಡಲಿ. ಘಟಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ‘ಪರಿಸ್ಥಿತಿ ಬದಲಾದರೆ ಫಲಿತಾಂಶ ಏನಾಗುತ್ತದೆ?’ ಎಂಬ ರೀತಿಯದಾಗಿರಲಿ.

ಇದಕ್ಕೆ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಬೇಕಿಲ್ಲ. ಪಿಯು ಪ್ರಯೋಗಾಲಯದಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ಮಾಡಿಸುತ್ತೇವಲ್ಲ, ಅಲ್ಲೇ ಶುರು ಮಾಡಬಹುದು. ಆಮ್ಲದಲ್ಲಿ ಬಿಸಿ ಮಾಡುವ ಸಮಯವನ್ನು ಮೂರು ಗುಂಪಿಗೆ ಮೂರು ರೀತಿ ಕೊಟ್ಟು, ಯಾರ ಸ್ಲೈಡಿನಲ್ಲಿ ಕೋಶಗಳು ಬಿಡಿಬಿಡಿಯಾಗಿ ಹರಡಿವೆ, ಯಾರದರಲ್ಲಿ ಗುಂಪಾಗಿ ಉಳಿದಿವೆ ಎಂದು ಹೋಲಿಸಿ ಬರೆಸಿದರೆ ಸಾಕು. ಮುಂದಿನ ಬೋಧನಾಭ್ಯಾಸದ ಸರದಿ ಬರುವಷ್ಟರಲ್ಲಿ ಯಾರಾದರೂ ಇದನ್ನು ಮಾಡಿಸಿ, ಮಕ್ಕಳು ಏನು ಬರೆದರು ಎಂದು ಈ ಪತ್ರಿಕೆಯಲ್ಲೇ ತಿಳಿಸಿದರೆ ಚರ್ಚೆ ಮುಂದುವರಿಯುತ್ತದೆ. ಬರೆಯುವಾಗ ಆಮ್ಲದ ಪ್ರಮಾಣ, ಬಿಸಿ ಮಾಡಿದ ನಿಮಿಷ ಎರಡನ್ನೂ ನಮೂದಿಸಲು ಮರೆಯಬೇಡಿ.